ಸಂಗ್ರಹಜಾಲದ ಸ್ವಿಚ್ಚು ಮತ್ತು ಅದಕ್ಕೆ ಕೊಡುವ ಅಪ್ಪಣೆಗಳು

ಶಿರಹಟ್ಟಿಯ ತಹಶೀಲ್ದಾರ ಕಚೇರಿಯ ಕಿಂಡಿಯ ಮುಂದೆ ನಿಂತು ಉತಾರ ಪಡೆದವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಸರ್ವೇ ನಂಬರು ಹೇಳಿದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಕಾಗದ ಕೈಗೆ ಬರುವದು. ಹಿಂದೆ ಈ ಲೆಕ್ಕವೆಲ್ಲ ತಲಾಠಿಯವರ ದಪ್ತರದಲ್ಲಿ, ಬಟ್ಟೆಯ ಗಂಟಿನೊಳಗೆ ಇರುತ್ತಿತ್ತು. ‘ಭೂಮಿ’ ಯೋಜನೆಯಿಂದ 2002ರ ಹೊತ್ತಿಗೆ ಕರ್ನಾಟಕದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ರೈತರ ಹೊಲಗಳೂ ಅದರಲ್ಲಿ ಬಂದವು. ಲಕ್ಷ್ಮೇಶ್ವರವು ಆಗ ಶಿರಹಟ್ಟಿ ತಾಲೂಕಿನಲ್ಲಿಯೇ ಇದ್ದಿತು.

ಕಾಗದ ಅಚ್ಚಾಗುವದು ಶಿರಹಟ್ಟಿಯಲ್ಲಿ ಸರಿ. ಆದರೆ ದೊಡ್ಡ ದೊಡ್ಡ ದಪ್ತರಗಳನ್ನು ಯಂತ್ರದಲ್ಲಿ ಕಾಯುವ ಬಗೆ ಎಂಥದು? ಅಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವ ಯಂತ್ರ ಬೇರೆ, ಕೂಡಿಡುವ ಯಂತ್ರ ಬೇರೆ. ಸರ್ವರ್ ಎಂಬುದು ಕಾರಕೂನನಿದ್ದಂತೆ. ಕೇಳಿದ್ದನ್ನು ಹುಡುಕಿ ಉತ್ತರ ಕೊಡುವದು. ಸ್ಟೋರೇಜ್ ಎಂಬುದು ಕಪಾಟಿದ್ದಂತೆ. ಅದರ ತುಂಬ ಡಿಸ್ಕುಗಳು. ಇವೆರಡನ್ನೂ ಗಾಜಿನೆಳೆಯ ಕೇಬಲ್ಲುಗಳಿಂದ ಕೂಡಿಸುವ ಪೆಟ್ಟಿಗೆಯೇ ಸ್ವಿಚ್ಚು. ಇಡಿಯ ಏರ್ಪಾಡಿಗೆ ಸಂಗ್ರಹಜಾಲವೆಂದು ಹೆಸರು. ನಮ್ಮ ಗದಗ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ, ಗುಂತಕಲ್ಲಿನ, ಸೊಲ್ಲಾಪುರದ ಹಳಿಗಳು ಕೂಡುವಂತೆ ಇಲ್ಲಿ ಹಲವು ದಾರಿಗಳು ಕೂಡುವವು. ಈ ಜಾಲದ ಬಹುಬಳಕೆಯ ಭಾಷೆ ಫೈಬರ್ ಚಾನೆಲ್. ಅಮೆರಿಕೆಯ ಮಾನಕ ಸಂಸ್ಥೆಯು ಅದಕ್ಕೆ 1994ರಲ್ಲಿ ಒಪ್ಪಿಗೆ ಕೊಟ್ಟಿತು.

ಪದವಿಗೆ ಸೇರುವ ಮೊದಲು ನಾನು ಎರಡು ವರ್ಷ ಬೆಂಗಳೂರಿನ ಒಂದು ಕಚೇರಿಯಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವವರ ಕೈಕೆಳಗೆ ಇದ್ದೆನು. ಅಲ್ಲಿ ಕಲಿತುದನ್ನೂ, ಕಲಿಯುವಾಗ ಮಾಡಿದ ಒಂದು ತಪ್ಪನ್ನೂ ವಾಚಕರ ಮುಂದೆ ಇಡುತ್ತೇನೆ.

ನಮ್ಮಲ್ಲಿದ್ದುದು ಬ್ರೋಕೇಡ್ ಸ್ವಿಚ್ಚು. 1995ರಲ್ಲಿ ಹುಟ್ಟಿದ ಆ ಕಂಪನಿಯನ್ನು 2017ರಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಈ ಸ್ವಿಚ್ಚಿಗೆ ಚಿತ್ರ ಒತ್ತಿ ಕೆಲಸ ಹೇಳಬಹುದು. ಆದರೆ ಬಲ್ಲವರು ಅಕ್ಷರಗಳಲ್ಲಿಯೇ ಅಪ್ಪಣೆ ಬರೆಯುವರು. ಏನು ಕೇಳಿದೆವು, ಏನು ಉತ್ತರ ಬಂದಿತು ಎಂಬುದೆಲ್ಲ ಆಗ ಸಾಲುಸಾಲಾಗಿ ಕಣ್ಣ ಮುಂದೆ ಉಳಿಯುವದು.

ಹೊಸ ಪೆಟ್ಟಿಗೆಗೆ ಮೊದಲು ಸೀರಿಯಲ್ ಕೇಬಲ್ ಹಚ್ಚಿ, 9600ರ ವೇಗದಲ್ಲಿ ಮಾತಿಗಿಳಿಯಬೇಕು. ‘ಅಡ್ಮಿನ್’ ಎಂಬ ಹೆಸರಿನಿಂದ ಒಳಗೆ ಹೋದೊಡನೆ ಕಾರಖಾನೆಯವರು ಇಟ್ಟ ಗುಪ್ತಪದವನ್ನು ಬದಲಿಸಬೇಕು. ಅನಂತರ ‘ಐಪಿಅಡ್ರ್‌ಸೆಟ್’ ಎಂಬ ಅಪ್ಪಣೆಯಿಂದ ವಿಳಾಸವನ್ನೂ ‘ಸ್ವಿಚ್‌ನೇಮ್’ ಎಂಬುದರಿಂದ ಹೆಸರನ್ನೂ ಕೊಡಬೇಕು. ಜಾಲದೊಳಗೆ ಪ್ರತಿ ಸ್ವಿಚ್ಚಿಗೂ 1ರಿಂದ 239ರ ಒಳಗಿನ ಒಂದು ಡೊಮೇನ್ ಸಂಖ್ಯೆ ಬೇಕು. ಒಂದರದು ಇನ್ನೊಂದಕ್ಕೆ ಬರಕೂಡದು. ‘ಸ್ವಿಚ್‌ಶೋ’ ಎಂದು ಬರೆದರೆ ಪ್ರತಿಯೊಂದು ಬಾಗಿಲಿನ ಸ್ಥಿತಿ ಕಾಣುವದು: ಒಂದು ‘ಆನ್‌ಲೈನ್’, ಒಂದು ‘ನೋ ಲೈಟ್’. ಬೆಳಕು ಬರುತ್ತಿಲ್ಲವೆಂದರೆ ಕೇಬಲ್ ಸಡಿಲಾಗಿರಬಹುದು, ಇಲ್ಲವೆ ಆಚೆಯ ಯಂತ್ರ ಮಲಗಿರಬಹುದು.

ಇನ್ನು ಮುಖ್ಯ ವಿಷಯ. ಯಾವ ಕಾರಕೂನನು ಯಾವ ಕಪಾಟು ನೋಡಬಹುದು? ಇದನ್ನು ನಿರ್ಣಯಿಸುವ ಏರ್ಪಾಡಿಗೆ ಝೋನ್ ಎನ್ನುವರು. ಈ ಜಾಲದ ಪ್ರತಿ ಯಂತ್ರಕ್ಕೂ ಹುಟ್ಟಿನಿಂದಲೇ 16 ಚಿಹ್ನೆಗಳ ಒಂದು ಸಂಖ್ಯೆ ಇರುವದು. ಅದನ್ನು ನೆನಪಿಡುವದು ಕಷ್ಟವಾದುದರಿಂದ ‘ಅಲಿಕ್ರಿಯೇಟ್’ ಎಂಬ ಅಪ್ಪಣೆಯಿಂದ ಒಂದು ಅಡ್ಡಹೆಸರು ಕೊಡುವರು. ‘ಝೋನ್‌ಕ್ರಿಯೇಟ್’ ಎಂಬುದರಿಂದ ಒಂದು ಸರ್ವರನ್ನೂ ಅದಕ್ಕೆ ಬೇಕಾದ ಕಪಾಟನ್ನೂ ಒಂದೇ ಝೋನಿನಲ್ಲಿ ಕೂಡಿಸುವರು. ಇಂಥ ಹಲವು ಝೋನುಗಳ ಪಟ್ಟಿಗೆ ಕಾನ್ಫಿಗ್ ಎಂದು ಹೆಸರು. ಹೊಸ ಪಟ್ಟಿಗೆ ‘ಸಿಎಫ್‌ಜಿಕ್ರಿಯೇಟ್’. ಇದ್ದ ಪಟ್ಟಿಗೆ ಕೂಡಿಸಲು ‘ಸಿಎಫ್‌ಜಿಆ್ಯಡ್’.

ಇಲ್ಲಿಯವರೆಗೆ ಬರೆದುದೆಲ್ಲ ಬರಹ ಮಾತ್ರ. ಜಾಲದಲ್ಲಿ ಏನೂ ಬದಲಾಗಿರುವದಿಲ್ಲ. ‘ಸಿಎಫ್‌ಜಿಸೇವ್’ ಎಂದರೆ ಅದು ಉಳಿಯುವದು. ‘ಸಿಎಫ್‌ಜಿಎನೇಬಲ್’ ಎಂದರೆ ಜಾರಿಗೆ ಬರುವದು. ಹೊಲದ ಹಕ್ಕು ಬದಲಾವಣೆಯಲ್ಲಿಯೂ ಹೀಗೆಯೇ ಅಲ್ಲವೆ? ಮೊದಲು ನೋಂದು, ಅನಂತರ ನೋಟೀಸು, ತಕರಾರು ಇಲ್ಲದಿದ್ದರೆ ಮಂಜೂರು. ಆಮೇಲೆ ಉತಾರದಲ್ಲಿ ಹೆಸರು. ಬರೆಯುವದಕ್ಕೂ ಜಾರಿಗೆ ತರುವದಕ್ಕೂ ನಡುವೆ ಹಿರಿಯರು ಇಟ್ಟ ಈ ಅಂತರವು ಅರ್ಥವಿಲ್ಲದ್ದಲ್ಲ.

ನನಗೆ ಇದು ತಿಳಿದುದು ಒಂದು ಮುಂಜಾನೆ. ಹೊಸದೊಂದು ಸರ್ವರಿಗೆ ದಾರಿ ಮಾಡಿಕೊಡೆಂದು ಹೇಳಿದ್ದರು. ನಾನು ಝೋನನ್ನು ಸರಿಯಾಗಿಯೇ ಬರೆದೆನು. ಆದರೆ ಅದನ್ನು ಹಳೆಯ ಪಟ್ಟಿಗೆ ಕೂಡಿಸುವ ಬದಲು, ಅದೊಂದನ್ನೇ ಇಟ್ಟು ಹೊಸ ಪಟ್ಟಿ ಮಾಡಿದೆನು. ಜಾರಿಗೆ ತರುವ ಅಪ್ಪಣೆ ಕೊಟ್ಟಾಗ ಸ್ವಿಚ್ಚು ‘ಹೌದೋ, ಅಲ್ಲವೋ’ ಎಂದು ಕೇಳಿತು. ಸುಮ್ಮನೆ ಗುಂಡಿ ಒತ್ತಿದ್ದರೆ ‘ಅಲ್ಲ’ ಎಂದೇ ತಿಳಿದುಕೊಳ್ಳುತ್ತಿತ್ತು. ಯಂತ್ರಕ್ಕಿದ್ದ ಆ ಸಂಕೋಚ ನನಗೆ ಇರಲಿಲ್ಲ. ‘ಹೌದು’ ಎಂದೆನು. ಜಾರಿಯಲ್ಲಿರುವ ಪಟ್ಟಿ ಒಂದು ಸಲಕ್ಕೆ ಒಂದೇ. ಆದುದರಿಂದ ಹೊಸ ಸರ್ವರೊಂದನ್ನು ಬಿಟ್ಟು ಉಳಿದವುಗಳಿಗೆಲ್ಲ ಕಪಾಟು ಕಾಣದಾಯಿತು. ಒಂದೇ ಸ್ವಿಚ್ಚು ಇದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಹಿರಿಯರೊಬ್ಬರು ಓಡಿ ಬಂದು ಹಳೆಯ ಪಟ್ಟಿಯನ್ನು ಮತ್ತೆ ಜಾರಿಗೊಳಿಸಿದರು. ದಾರಿ ಕೂಡಲೇ ತೆರೆಯಿತು. ಆದರೆ ನಡುವೆ ನಿಂತುಹೋದ ಬರಹಗಳನ್ನು ಪರೀಕ್ಷಿಸಿ ಸರ್ವರುಗಳನ್ನು ಎಬ್ಬಿಸುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಅವರು ನನ್ನನ್ನು ಬಯ್ಯಲಿಲ್ಲ. “ಪಟ್ಟಿ ಓದಿ ನೋಡಿದ್ದೆಯೇನಪಾ?” ಎಂದಷ್ಟೇ ಕೇಳಿದರು. ನಾನು ಓದಿರಲಿಲ್ಲ.

ಅಂದಿನಿಂದ ನಾನು ಪಾಲಿಸಿದ ನಿಯಮಗಳು ನಾಲ್ಕು. ಮೊದಲು ‘ಕಾನ್ಫಿಗ್‌ಅಪ್‌ಲೋಡ್’ ಎಂಬ ಅಪ್ಪಣೆಯಿಂದ ಇದ್ದ ಸ್ಥಿತಿಯ ಪ್ರತಿಯನ್ನು ಬೇರೆ ಕಡೆ ಇಡುವದು. ಎರಡನೆಯದು, ‘ಸಿಎಫ್‌ಜಿಶೋ’ ಎಂದು ಬರೆದು, ಬರೆದ ಪಟ್ಟಿಯನ್ನೂ ಜಾರಿಯಲ್ಲಿರುವ ಪಟ್ಟಿಯನ್ನೂ ಸಾಲಿಗೆ ಸಾಲು ಹೋಲಿಸುವದು. ಮೂರನೆಯದು, ತಪ್ಪು ಕಂಡರೆ ಉಳಿಸುವ ಮೊದಲೇ ‘ಸಿಎಫ್‌ಜಿಟ್ರಾನ್ಸ್‌ಅಬಾರ್ಟ್’ ಎಂದು ಕೈಬಿಡುವದು. ನಾಲ್ಕನೆಯದು, ಒಂದಕ್ಕೊಂದು ಕೂಡದ ಎರಡು ಜಾಲಗಳಿದ್ದಲ್ಲಿ ಒಂದನ್ನು ಬದಲಿಸಿ, ಎಲ್ಲವೂ ನೆಟ್ಟಗಿದೆಯೆಂದು ಕಂಡ ಮೇಲೆಯೇ ಇನ್ನೊಂದನ್ನು ಮುಟ್ಟುವದು.

ಕಲಾ ವಿಭಾಗದ ನಮಗೆ ಈ ವಿದ್ಯೆ ಏತಕ್ಕೆಂದು ಸಹಪಾಠಿಗಳು ಕೇಳಬಹುದು. ನಾಳೆ ನಮ್ಮಲ್ಲಿ ಅನೇಕರು ಕಚೇರಿಗಳಲ್ಲಿ ಕುಳಿತು ಇನ್ನೊಬ್ಬರ ಹೊಲ, ವೇತನ, ಅಂಕಗಳ ಲೆಕ್ಕ ಕಾಯುವವರು. ಮುಂಡರಗಿಯ ರೈತನು ಕಿಂಡಿಯ ಮುಂದೆ ನಿಂತಾಗ ಅವನಿಗೆ ಸ್ವಿಚ್ಚು ಕಾಣುವದಿಲ್ಲ, ಝೋನೂ ಕಾಣುವದಿಲ್ಲ. ಕಾಗದ ಬಂದಿತೋ ಇಲ್ಲವೋ ಎಂಬುದಷ್ಟೇ ಕಾಣುವದು. ಬಸ್ಸಿನ ಖರ್ಚು ಮಾಡಿ, ಒಂದು ದಿನದ ಕೂಲಿ ಬಿಟ್ಟು ಬಂದ ಅವನನ್ನು ನೆನೆದು, ‘ಹೌದು’ ಎಂದು ಒತ್ತುವ ಮೊದಲು ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಈ ಪಾಠ ಸಾರ್ಥಕವಾದಂತೆ.