ಆಟದ ಗಣಕಯಂತ್ರಕ್ಕೆ ಪ್ರೊಸೆಸರ್ ಹಾಗೂ ಗ್ರಾಫಿಕ್ಸ್ ಕಾರ್ಡುಗಳ ಜೋಡಣೆ: ಒಂದು ವಿವೇಚನೆ

ಕಳೆದ ಸುಗ್ಗಿಯ ತರುವಾಯ ಗೋವಿನಜೋಳ ಮಾರಿ ಬಂದ ಪಾಲಕರೊಬ್ಬರು ಹಲಗೇರಿಯಿಂದ ನನ್ನಲ್ಲಿಗೆ ಬಂದಿದ್ದರು. ಅವರ ಮಗ ನಮ್ಮ ಶ್ರೀಮಠದ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವನು. ಕಿಸೆಯಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟು, “ಸರ್, ಹುಡುಗ ಕಂಪ್ಯೂಟರ್ ಬೇಕಂತ ಹಠ ಹಿಡದಾನ್ರಿ. ಅಂಗಡಿಯವ್ರು ಐ ಸೆವೆನ್ ಐತಿ, ಇದಕ್ಕಿಂತ ಮ್ಯಾಲಿಂದು ಯಾವ್ದೂ ಇಲ್ಲ ಅಂತಾರ. ನೀವು ಒಂದೀಟು ನೋಡ್ರಿ” ಎಂದರು. ಚೀಟಿಯಲ್ಲಿ ಕೋರ್ ಐ7-2600 ಪ್ರೊಸೆಸರ್, 16 ಜಿ.ಬಿ. ಮೆಮೊರಿ, ಜಿ.ಟಿ. 730 ಗ್ರಾಫಿಕ್ಸ್ ಕಾರ್ಡ್ ಎಂದು ಬರೆದಿತ್ತು. ಮೊದಲನೆಯದು 2011ರಲ್ಲಿ ಮಾರುಕಟ್ಟೆಗೆ ಬಂದದ್ದು, ಕೊನೆಯದು 2014ರದು. ಒಂದು ವರ್ಷದ ಬೆಳೆಯ ಹಣದಲ್ಲಿ ಒಂದು ಪಾಲು ಆ ಚೀಟಿಗೆ ಹೋಗುವುದರಲ್ಲಿತ್ತು. ಅಂದು ಆ ಪಾಲಕರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ, ಇಂಥ ಪ್ರಶ್ನೆಯನ್ನು ನಿತ್ಯ ಎದುರಿಸುವ ಅಧ್ಯಾಪಕ ಬಂಧುಗಳಿಗೂ, ಶಾಲೆಗೆ ಗಣಕಯಂತ್ರಗಳನ್ನು ದಾನವಾಗಿ ಕೊಡಲು ಬಯಸುವ ಹಳೆಯ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಆಟಕ್ಕಾಗಿ ಯಂತ್ರವೇ ಎಂದು ಹುಬ್ಬೇರಿಸುವವರು ಇದ್ದಾರೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ಸಂಸ್ಥೆಯು ಇಂಥ ಆಟಗಳನ್ನು ರೂಪಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿತು. 2019ರಲ್ಲಿ ಅದನ್ನು ಜಗತ್ಪ್ರಸಿದ್ಧವಾದ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಆ್ಯನಿಮೇಶನ್ ಮತ್ತು ಆಟಗಳ ಉದ್ಯಮಕ್ಕೆಂದೇ ಕರ್ನಾಟಕ ಸರಕಾರವು 2012ರಲ್ಲಿ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿತು. ಪ್ರೊಸೆಸರ್ ತಯಾರಿಸುವ ಎ.ಎಂ.ಡಿ. ಕಂಪನಿಯು ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲಿಯೇ. ಆಟವಾಡುವ ಹುಡುಗರೆಲ್ಲ ಆಟ ರೂಪಿಸುವವರಾಗುತ್ತಾರೆಂದು ನಾನು ಹೇಳಲಾರೆ. ಆದರೆ ಹುಡುಗನ ಆಸೆಯನ್ನು ತಿರಸ್ಕರಿಸುವುದಕ್ಕಿಂತ ಆ ಹಣ ಪೋಲಾಗದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಕೆಲಸ.

ಇನ್ನು ವಿಷಯಕ್ಕೆ ಬರೋಣ. ಪರದೆಯ ಮೇಲೆ ಕಾಣುವ ಚಲನೆಯು ನಿಜವಾಗಿ ಸ್ಥಿರಚಿತ್ರಗಳ ಸರಣಿ. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡುಗಳ ಅವಕಾಶ ಮಾತ್ರ ಇರುತ್ತದೆ. ಅಷ್ಟರೊಳಗೆ ಎರಡು ಬಗೆಯ ಕೆಲಸ ಮುಗಿಯಬೇಕು. ಯಾರು ಎಲ್ಲಿದ್ದಾರೆ, ಎಸೆದ ಚೆಂಡು ಎಲ್ಲಿ ಬೀಳುತ್ತದೆ, ಎದುರಾಳಿ ಏನು ಮಾಡುತ್ತಾನೆ ಎಂಬುದನ್ನೆಲ್ಲ ಲೆಕ್ಕ ಹಾಕಿ ‘ಇಂಥದನ್ನು ಬಿಡಿಸು’ ಎಂದು ಅಪ್ಪಣೆ ಕೊಡುವುದು ಪ್ರೊಸೆಸರಿನ ಕೆಲಸ. ಆ ಅಪ್ಪಣೆಯಂತೆ ಪರದೆಯ ಪ್ರತಿಯೊಂದು ಬಿಂದುವಿಗೂ ಬಣ್ಣ ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಸಾಮಾನ್ಯ ಮಾನಿಟರಿನಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಆದುದರಿಂದಲೇ ಕೋರ್ ಐ5-12400ಎಫ್ ಪ್ರೊಸೆಸರಿನಲ್ಲಿ ಆರು ಕೋರುಗಳಿದ್ದರೆ, ಆರ್.ಟಿ.ಎಕ್ಸ್. 4060 ಕಾರ್ಡಿನಲ್ಲಿ 3,072 ಸಣ್ಣ ಕೋರುಗಳಿವೆ. ಮೊದಲಿನವರು ಮೇಸ್ತ್ರಿಗಳು, ಎರಡನೆಯವರು ಆಳುಗಳು.

ಇವೆರಡರ ಸಂಬಂಧವನ್ನು ನಮ್ಮ ರೈತರಿಗೆ ವಿವರಿಸುವುದು ಕಷ್ಟವಲ್ಲ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ನಿಧಾನದ ಎತ್ತಿನ ನಡೆಯೇ ಬಂಡಿಯ ನಡೆ. ಒಂದು ಉದಾಹರಣೆ ತೆಗೆದುಕೊಳ್ಳೋಣ; ಅಂಕಿಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಒಂದು ಚಿತ್ರಕ್ಕೆ ಪ್ರೊಸೆಸರ್ 8 ಮಿಲಿಸೆಕೆಂಡು, ಕಾರ್ಡು 14 ಮಿಲಿಸೆಕೆಂಡು ತೆಗೆದುಕೊಳ್ಳುತ್ತವೆಂದಿರಲಿ. ಇವು ಒಂದು ಚಿತ್ರದ ಮುಂದೆ ಇನ್ನೊಂದರಂತೆ ಏಕಕಾಲಕ್ಕೆ ದುಡಿಯುವುದರಿಂದ 8 ಮತ್ತು 14ನ್ನು ಕೂಡಿಸಬಾರದು, ದೊಡ್ಡದನ್ನಷ್ಟೇ ಹಿಡಿಯಬೇಕು. 1000ವನ್ನು 14ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 71 ಚಿತ್ರಗಳು. ಈಗ ಹೆಚ್ಚು ಹಣ ಕೊಟ್ಟು 5 ಮಿಲಿಸೆಕೆಂಡಿನ ಪ್ರೊಸೆಸರ್ ತಂದರೆ? ಆಗಲೂ 71. ಅದೇ ಹಣವನ್ನು 7 ಮಿಲಿಸೆಕೆಂಡಿನ ಕಾರ್ಡಿಗೆ ಹಾಕಿದರೆ, ಈಗ ಹಿಂದುಳಿದದ್ದು 8ರ ಪ್ರೊಸೆಸರ್. ಚಿತ್ರಗಳ ಸಂಖ್ಯೆ 125ಕ್ಕೆ ಏರುತ್ತದೆ. ತರಗತಿಯಲ್ಲಿ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಿದರೆ ಮಕ್ಕಳು ಬಹು ಬೇಗ ಹಿಡಿಯುತ್ತಾರೆಂಬುದು ನನ್ನ ಅನುಭವ.

ಮಾನಿಟರ್ ಬದಲಾದರೆ ತಕ್ಕಡಿಯೂ ಬದಲಾಗುತ್ತದೆ. 2560 ಗುಣಿಸು 1440 ಬಿಂದುಗಳ ಪರದೆಯಲ್ಲಿ ಬಿಂದುಗಳು 36,86,400. ಮೊದಲಿನದಕ್ಕಿಂತ ಸುಮಾರು 1.8 ಪಟ್ಟು. ಇದರಿಂದ ಕಾರ್ಡಿನ ಹೊರೆ ಹೆಚ್ಚುತ್ತದೆಯೇ ಹೊರತು ಪ್ರೊಸೆಸರಿನ ಲೆಕ್ಕ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಆಟಗಳಲ್ಲಿಯೂ ಭೇದವುಂಟು. ವೆಲೊರಂಟ್, ಕೌಂಟರ್ ಸ್ಟ್ರೈಕ್ 2 ಮೊದಲಾದ ಸ್ಪರ್ಧೆಯ ಆಟಗಳಲ್ಲಿ ಚಿತ್ರ ಸರಳ, ವೇಗ ಮುಖ್ಯ. ಅಲ್ಲಿ ಪ್ರೊಸೆಸರಿನದೇ ಪರೀಕ್ಷೆ. ಸೈಬರ್‌ಪಂಕ್ 2077ರಂಥ ಆಟದಲ್ಲಿ ನೆರಳು ಬೆಳಕುಗಳ ವೈಭವವೇ ಪ್ರಧಾನವಾದುದರಿಂದ ಕಾರ್ಡು ಬೆವರುತ್ತದೆ. ಆದುದರಿಂದ ಹುಡುಗನನ್ನು ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಆಟ, ಯಾವ ಪರದೆ’ ಎಂಬುದು.

ಮನೆಯಲ್ಲಿ ಈಗಾಗಲೇ ಯಂತ್ರವಿದ್ದು ಯಾವ ಭಾಗ ಬದಲಿಸಬೇಕೆಂಬ ಸಂಶಯವಿದ್ದರೆ ಒಂದು ಸುಲಭ ಉಪಾಯವಿದೆ. ಆಟದ ಚಿತ್ರಗುಣವನ್ನೂ ಬಿಂದುಗಳ ಸಂಖ್ಯೆಯನ್ನೂ ಪೂರ್ತಿ ಕೆಳಕ್ಕೆ ಇಳಿಸಿ ನೋಡುವುದು. ವೇಗ ಏರಿದರೆ ಕಾರ್ಡು ಹಿಂದುಳಿದಿದೆ. ಇದ್ದಲ್ಲಿಯೇ ನಿಂತರೆ ಪ್ರೊಸೆಸರ್. ಇದಕ್ಕೆ ಕಾಸಿನ ಖರ್ಚಿಲ್ಲ.

ಈಗ ಆ ಚೀಟಿಯ ವಿಚಾರ. ಐ3, ಐ5, ಐ7 ಎಂಬ ಅಂಕಿಗಳು ಒಂದೇ ಪೀಳಿಗೆಯೊಳಗಿನ ಅಂತಸ್ತನ್ನು ಹೇಳುತ್ತವೆ; ಪೀಳಿಗೆಯನ್ನು ಹೇಳುವುದಿಲ್ಲ. 2011ರ ಐ7-2600ಕ್ಕೂ 2022ರ ಐ3-12100ಎಫ್‌ಗೂ ನಾಲ್ಕು ನಾಲ್ಕೇ ಕೋರುಗಳು, ಆದರೆ ಕೆಲಸದಲ್ಲಿ ಎರಡನೆಯದು ಬಹಳ ಮುಂದು. ಅಷ್ಟೇ ಅಲ್ಲ, ಹಳೆಯದರ ಮೇಲೆ ವಿಂಡೋಸ್ 11 ನಡೆಸುವುದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮನ್ನಣೆಯಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವಾದರೋ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಬ್ಯಾಡಗಿ ಪೇಟೆಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಬಣ್ಣ ಎಷ್ಟು ಎಂದು ಹಿಡಿ ಮೆಣಸಿನಕಾಯಿ ಕೈಯಲ್ಲಿ ಹಿಡಿದೇ ಬೆಲೆ ಕಟ್ಟುವ ನಮ್ಮ ಜನ ಇಲ್ಲಿ ಒಂದು ಅಂಕಿಗೆ ಮರುಳಾಗುವುದು ನನಗಂತೂ ಸೋಜಿಗ.

ಜೋಡಣೆಗಳಲ್ಲಿ ನಾನು ಆ ಪಾಲಕರ ಮುಂದಿಟ್ಟವು ಇವು. ಕಡಿಮೆ ಹಣಕ್ಕೆ ಐ3-12100ಎಫ್ ಮತ್ತು ರೇಡಿಯನ್ ಆರ್.ಎಕ್ಸ್. 6600. ಅದಕ್ಕಿಂತ ತುಸು ಮೇಲೆ ರೈಜೆನ್ 5 5600 ಅಥವಾ ಐ5-12400ಎಫ್, ಜೊತೆಗೆ ಆರ್.ಟಿ.ಎಕ್ಸ್. 4060. ಇದಕ್ಕೂ ಮೇಲೆ ರೈಜೆನ್ 5 7600, ಜೊತೆಗೆ 16 ಜಿ.ಬಿ.ಯ ಆರ್.ಎಕ್ಸ್. 9060 ಎಕ್ಸ್.ಟಿ. ಕೊನೆಯದರ ಮದರ್‌ಬೋರ್ಡಿಗೆ ಮುಂದೆ ಹೊಸ ಪ್ರೊಸೆಸರುಗಳನ್ನೂ ಕೂಡಿಸಬಹುದು. ಮೊದಲಿನವುಗಳ ಸಾಕೆಟ್ಟುಗಳಿಗೆ ಆ ಭಾಗ್ಯ ಮುಗಿಯಿತು. ಹಾಗೆಂದು ಎಲ್ಲರೂ ಕೊನೆಯದಕ್ಕೇ ಕೈ ಹಾಕಬೇಕಿಲ್ಲ. ಅದಕ್ಕೆ ಡಿ.ಡಿ.ಆರ್. 5 ಮೆಮೊರಿಯೇ ಬೇಕು; 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿತು.

ಹಣ ಹಂಚುವಲ್ಲಿ ನನ್ನ ರೂಢಿ ಹೀಗೆ: ಇವೆರಡಕ್ಕೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಪ್ರೊಸೆಸರಿಗೆ, ಎರಡು ಪಾಲು ಕಾರ್ಡಿಗೆ. ಕೇವಲ ಸ್ಪರ್ಧೆಯ ಆಟಗಳನ್ನಾಡುವವನಿಗೆ ಸರಿಸಮ ಮಾಡಿದರೂ ತಪ್ಪಿಲ್ಲ.

ಆದರೆ ಬಿಡಿ ಬಿಡಿಯಾಗಿ ಒಳ್ಳೆಯವಾದ ಎರಡು ವಸ್ತುಗಳು ಕೂಡಿದಾಗ ಒಳ್ಳೆಯದಾಗಲೇಬೇಕೆಂದಿಲ್ಲ. ಇಂಟೆಲ್ ಕಂಪನಿಯ ಆರ್ಕ್ ಬಿ580 ಕಾರ್ಡು 2024ರ ಡಿಸೆಂಬರಿನಲ್ಲಿ 12 ಜಿ.ಬಿ. ಮೆಮೊರಿಯೊಡನೆ ಅಗ್ಗವಾಗಿ ಬಂದಾಗ ಪರೀಕ್ಷಕರೆಲ್ಲ ಹೊಗಳಿದರು. ಅವರು ಪರೀಕ್ಷಿಸಿದ್ದು ಅತಿ ವೇಗದ ಪ್ರೊಸೆಸರುಗಳ ಜೊತೆಗೆ. ಮುಂದಿನ ತಿಂಗಳೇ ಕೆಲವರು ಹಳೆಯ, ಸಾಧಾರಣ ಪ್ರೊಸೆಸರುಗಳೊಡನೆ ಅದನ್ನು ಜೋಡಿಸಿ ನೋಡಲಾಗಿ, ಎಷ್ಟೋ ಆಟಗಳಲ್ಲಿ ಅದು ಆರ್.ಟಿ.ಎಕ್ಸ್. 4060ಕ್ಕಿಂತ ಹಿಂದೆ ಬಿದ್ದಿತು. ಅದರ ಚಾಲಕ ತಂತ್ರಾಂಶವು ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹೊರಿಸುತ್ತಿದ್ದುದೇ ಕಾರಣ. ಅಗ್ಗದ ಕಾರ್ಡನ್ನು ಕೊಳ್ಳುವವನ ಬಳಿ ಸಾಧಾರಣ ಪ್ರೊಸೆಸರೇ ಇರುವುದು ಸಹಜವಲ್ಲವೇ? ಇದೇ ರೀತಿ ಆರ್.ಎಕ್ಸ್. 6600, ಆರ್.ಟಿ.ಎಕ್ಸ್. 4060 ಎರಡೂ ಮದರ್‌ಬೋರ್ಡಿನ ಹದಿನಾರು ದಾರಿಗಳಲ್ಲಿ ಎಂಟನ್ನು ಮಾತ್ರ ಬಳಸುತ್ತವೆ. ಹಳೆಯ ಬೋರ್ಡಿನಲ್ಲಿ ಆ ದಾರಿಗಳೂ ಅರ್ಧ ವೇಗದವಾದುದರಿಂದ ತುಸು ನಷ್ಟವಾಗುತ್ತದೆ.

ನಮ್ಮ ಕಡೆಗೆ ವಿಶೇಷವಾಗಿ ಹೇಳಬೇಕಾದದ್ದು ವಿದ್ಯುತ್ತಿನ ಮಾತು. ಪಟ್ಟಣದವರು ಬರೆದ ಸಲಹೆಗಳಲ್ಲಿ ಇದು ಕಾಣುವುದು ಅಪರೂಪ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿ.ಎ. ಯು.ಪಿ.ಎಸ್. ಸುಮಾರು 360 ವಾಟ್ ಮಾತ್ರ ಹೊರುತ್ತದೆ. ಐ5-12400ಎಫ್ ಪೂರ್ತಿ ದುಡಿದಾಗ 117 ವಾಟ್, ಆರ್.ಟಿ.ಎಕ್ಸ್. 4060 ಕಾರ್ಡಿಗೆ 115 ವಾಟ್, ಮಾನಿಟರ್ ಮುಂತಾದವಕ್ಕೆ 80 ಎಂದು ಹಿಡಿದರೆ 312 ಆಯಿತು. ಕರೆಂಟು ಹೋದಾಗ ಆಟ ನಿಲ್ಲಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲು ಸಾಕು. ಅದೇ ಜಾಗದಲ್ಲಿ 190 ವಾಟಿನ ಬಿ580 ಇದ್ದರೆ ಮೊತ್ತ 387, ಯು.ಪಿ.ಎಸ್. ಆ ಕ್ಷಣವೇ ಕೈ ಚೆಲ್ಲಬಹುದು. ಅಗ್ಗದ ಪವರ್ ಸಪ್ಲೈ ಹಾಕಿ ಎಲ್ಲವನ್ನೂ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಏಪ್ರಿಲ್ ತಿಂಗಳ ಬಿಸಿಲಿಗೂ ಕಣದ ಧೂಳಿಗೂ ಒಂದು ಫ್ಯಾನು ಹೆಚ್ಚಾಗಿಯೇ ಇರಲಿ; ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಧೂಳು ಕೊಡವಬೇಕು.

ಶಾಲೆಗೆ ದಾನ ಕೊಡಬಯಸುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹತ್ತು ಯಂತ್ರಗಳಿಗೂ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ರೈಜೆನ್ 5 5600ಜಿ ಪ್ರೊಸೆಸರಿನೊಳಗೇ ಚಿತ್ರ ಬಿಡಿಸುವ ಭಾಗವಿರುವುದರಿಂದ ನುಡಿಯಲ್ಲಿ ಬೆರಳಚ್ಚು, ಪ್ರೋಗ್ರಾಮಿಂಗ್, ಸಣ್ಣ ಪುಟ್ಟ ಆಟ ಎಲ್ಲವೂ ನಡೆಯುತ್ತವೆ. ಒಂದೇ ಒಂದು ಯಂತ್ರಕ್ಕೆ ಮಾತ್ರ 12 ಜಿ.ಬಿ.ಯ ಆರ್.ಟಿ.ಎಕ್ಸ್. 3060ರಂಥ ಕಾರ್ಡು ಕೊಡಿಸಿದರೆ, ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ಮಕ್ಕಳು ಸರದಿಯ ಮೇಲೆ ಆಕೃತಿಗಳನ್ನು ರಚಿಸಿ ಕಲಿಯಬಹುದು. ದಾನಿಗಳ ಹೆಸರನ್ನು ಹತ್ತೂ ಯಂತ್ರಗಳ ಮೇಲೆ ಬರೆಸಲು ಅಡ್ಡಿಯಿಲ್ಲ.

ಆ ಪಾಲಕರು ಕೊನೆಗೆ ಮೊದಲನೆಯ ಜೋಡಿಯನ್ನೇ ಆರಿಸಿದರು. ಹುಡುಗನಿಗೆ ಸ್ವಲ್ಪ ಬೇಸರವಾಯಿತು. ಗೆಳೆಯರಿಗೆ ಹೇಳಿಕೊಳ್ಳಲು ‘ಐ ಸೆವೆನ್’ ಇರಲಿಲ್ಲವಲ್ಲ. ಯಂತ್ರ ಮನೆಗೆ ಬಂದ ದಿನ ತಂದೆ ಬಿಲ್ಲುಗಳನ್ನು ತಂದು ತೋರಿಸಿದರು. ಪ್ರೊಸೆಸರಿನ ಡಬ್ಬಿಯ ಕ್ರಮಸಂಖ್ಯೆಯೂ ಕಾರ್ಡಿನ ಕ್ರಮಸಂಖ್ಯೆಯೂ ಬಿಲ್ಲಿನಲ್ಲಿ ನಮೂದಾಗಿದ್ದವು. ಉಳಿದ ಹಣದಲ್ಲಿ ಯು.ಪಿ.ಎಸ್. ಕೊಂಡಿದ್ದರು.