ಗೋಡೆಯ ಚಿತ್ರವೂ ನೆಲದ ಹಕ್ಕೂ

ಅಂಧೇರಿಯಿಂದ ಮರೋಳದ ದಾರಿಯಾಗಿ ಹೋದರೆ ಆರೇ ಕಾಡು ಸಿಕ್ಕುತ್ತದೆ. 1949ರಲ್ಲಿ ಹಾಲಿನ ಕಾಲೊನಿ ಸ್ಥಾಪನೆಯಾದದ್ದು ಇಲ್ಲಿಯೇ. ಅದಕ್ಕೂ ಮೊದಲಿನಿಂದ ಈ ಕಾಡಿನಲ್ಲಿ ವಾರ್ಲಿ ಜನರ ಪಾಡಾಗಳು, ಅಂದರೆ ಸಣ್ಣ ಹಟ್ಟಿಗಳು, ಇವೆ. ನಮ್ಮ ನೆರೆಯವರಾದ ಈ ಜನರ ಚಿತ್ರಕಲೆಯನ್ನು ವಾಚಕರು ಅರಿತಿರುವುದು ಒಳ್ಳೆಯದು.

ವಾರ್ಲಿಗಳು ತಡಿಕೆಯ ಗೋಡೆಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿಯುತ್ತಾರೆ. ಬಣ್ಣ ಒಂದೇ, ಅಕ್ಕಿ ಹಿಟ್ಟಿನ ಬಿಳುಪು. ತುದಿ ಜಗಿದ ಬಿದಿರ ಕಡ್ಡಿಯೇ ಕುಂಚ. ವೃತ್ತ, ತ್ರಿಕೋನ, ಚೌಕ ಈ ಮೂರರಿಂದಲೇ ಅವರ ಲೋಕವೆಲ್ಲ ಮೂಡುತ್ತದೆ. ಎರಡು ತ್ರಿಕೋನಗಳ ಮೊನೆ ಕೂಡಿಸಿದರೆ ಮನುಷ್ಯನ ಮೈ. ಮದುವೆಯಲ್ಲಿ ಮುತ್ತೈದೆಯರು ಗೋಡೆಯ ಮೇಲೆ 'ಚೌಕ' ಬರೆಯುತ್ತಾರೆ. ಅದರ ನಡುವೆ ಹಸಿರಿನ ತಾಯಿಯಾದ ಪಾಲಘಟ ದೇವಿ, ಸುತ್ತಲೂ ಮರ, ಮೃಗ, ಕುಣಿತ. ಸಾಗರ ಸೀಮೆಯಿಂದ ಬಂದವರಿಗೆ ಇದು ಹೊಸದಲ್ಲ. ಅಲ್ಲಿ ದೀವರ ಹೆಂಗಸರು ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಗೆ ಮದುವೆಯ ಹಸೆ ಚಿತ್ತಾರ ಬರೆಯುತ್ತಾರೆ.

ಡಹಾಣೂ ಕಡೆಯ ಗಂಜಾಡದ ಜಿವ್ಯಾ ಸೋಮಾ ಮಶೆಯವರು 1970ರ ದಶಕದಲ್ಲಿ ಈ ಕಲೆಯನ್ನು ಗೋಡೆಯಿಂದ ಕಾಗದಕ್ಕೂ ಬಟ್ಟೆಗೂ ತಂದರು. ಅವರಿಗೆ 2011ರಲ್ಲಿ ಪದ್ಮಶ್ರೀ ದೊರೆಯಿತು. 2018ರಲ್ಲಿ ಅವರು ತೀರಿಕೊಂಡರು. ಇಂದು ವಾರ್ಲಿ ಚಿತ್ರ ಸೀರೆಯ ಸೆರಗಿನಲ್ಲೂ ಉಂಟು. ಆದರೆ ಚಿತ್ರಕ್ಕೆ ಸಂದ ಮನ್ನಣೆ, ಅದು ಹುಟ್ಟಿದ ನೆಲಕ್ಕೂ ಸಲ್ಲಬೇಡವೆ?

ಇಲ್ಲಿ ಆಸ್ಟ್ರೇಲಿಯದ ಒಂದು ನಿದರ್ಶನ ಉಪಯುಕ್ತ. ಅಲ್ಲಿನ ಮರುಭೂಮಿಯ ಮೂಲನಿವಾಸಿಗಳ ಚಿತ್ರಗಳಲ್ಲಿ ಒಂದರೊಳಗೊಂದು ಬಳೆಯಂತಿರುವ ವೃತ್ತಗಳು ಅನೇಕ ವೇಳೆ ನೀರಿನ ತಾವುಗಳು. ಬತ್ತದ ಸೆಲೆಗೆ ಅವರು 'ಜಿಲಾ' ಎನ್ನುತ್ತಾರೆ. ಸೆಲೆಗೊಂದು ಹೆಸರು, ಒಂದು ಕಥೆ, ಅದನ್ನು ಕಾಯುವ ಹೊಣೆ ಹೊತ್ತ ಜನ. ಗ್ರೇಟ್ ಸ್ಯಾಂಡಿ ಮರುಭೂಮಿಯ ಜನ ಭೂಮಿಯ ಹಕ್ಕು ಕೇಳಿದಾಗ, ಕಾನೂನಿನ ಇಂಗ್ಲಿಷಿನಲ್ಲಿ ತಮ್ಮ ಮಾತು ಹೇಳಲಾರದೆ, 1997ರಲ್ಲಿ ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಬಟ್ಟೆಯ ಮೇಲೆ ತಮ್ಮ ನಾಡನ್ನೇ ಬರೆದರು. ಹಕ್ಕಿನ ಮಂಡಲಿಯ ಮುಂದೆ ಅದನ್ನು ಹಾಸಿ, ತಮ್ಮ ತಮ್ಮ ಸೆಲೆಯ ಮೇಲೆ ನಿಂತು, ತಮ್ಮ ನುಡಿಯಲ್ಲೇ ಸಾಕ್ಷಿ ಹೇಳಿದರು. 2007ರಲ್ಲಿ ನ್ಯಾಯಾಲಯ ಅವರ ಹಕ್ಕನ್ನು ಒಪ್ಪಿತು.

ಆರೇ ಕಾಡಿನ ಮಾತು ನಮ್ಮ ನೀರಿನ ಮಾತೂ ಹೌದು. 1860ರಲ್ಲಿ ಕಟ್ಟಿದ ವಿಹಾರ ಕೆರೆ ಅದರ ಮಗ್ಗುಲಲ್ಲಿದೆ. ಕೆರೆ ತುಂಬಿ ಹರಿದ ನೀರು ಮೀಠಿ ನದಿಯಾಗಿ ಮಾಹಿಮಿನಲ್ಲಿ ಕಡಲು ಸೇರುತ್ತದೆ.

ನೌಕರಿಯವರಾದ ನಾವು ಕಾಗದವೊಂದೇ ಪ್ರಮಾಣವೆಂದು ಎಣಿಸುತ್ತೇವೆ. ನಮ್ಮ ದೇಶದ 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಹಾಗೆನ್ನುವುದಿಲ್ಲ. ಪೂಜೆಯ ಮರ, ಕೊಳ, ಸ್ಮಶಾನ, ನೀರಿನ ಸೆಲೆ ಇವೂ ಸಾಕ್ಷ್ಯವೇ. ಹಿರಿಯರ ಹೇಳಿಕೆಯೂ ಸಾಕ್ಷ್ಯ, ಆದರೆ ಅದನ್ನು ಬರಹಕ್ಕೆ ಇಳಿಸಿರಬೇಕು. ಓದುಬರಹ ಬಲ್ಲವನು ಕಾಡಿನ ನೆರೆಯವನಿಗೆ ಮಾಡಬಹುದಾದ ಉಪಕಾರ ಇಲ್ಲಿದೆ. ಕೇಳಿದಾಗ ಒಂದು ಅರ್ಜಿಯನ್ನು ಶುದ್ಧವಾಗಿ ಬರೆದುಕೊಡುವುದು ಸಣ್ಣ ಕೆಲಸವಲ್ಲ.