ಓಲಾಡುವ ಸೈಕಲ್ ಗಾಲಿಯನ್ನು ಮನೆಯಲ್ಲೇ ನೇರ ಮಾಡುವ ಬಗೆ



ಮೋಟಾರ್ ಸೈಕಲ್ಲುಗಳು ಹಳ್ಳಿ ಹಳ್ಳಿಗೂ ಬಂದಿರುವ ಈ ಕಾಲದಲ್ಲಿ ಸೈಕಲ್ ಗಾಲಿಯ ಪಾಠವೇಕೆಂದು ಕೆಲವರು ಕೇಳಬಹುದು. ಬೆಳಗಿನ ಹಾಲಿನ ಕ್ಯಾನು, ಸಂಜೆಯ ಹುಲ್ಲಿನ ಹೊರೆ, ಹೊಲಕ್ಕೆ ಒಯ್ಯುವ ಗೊಬ್ಬರದ ಚೀಲ ಇವು ಇನ್ನೂ ಎಷ್ಟೋ ಮನೆಗಳಲ್ಲಿ ಸೈಕಲ್ಲಿನ ಮೇಲೆಯೇ ಸಾಗುತ್ತಿವೆ. ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ 11ನೆಯ ತರಗತಿ ಓದುವ ನಮ್ಮ ಮಕ್ಕಳಿಗೆ ಸರಕಾರವೇ ಸೈಕಲ್ಲು ಕೊಡುತ್ತದೆ. ಇಂಥ ಸೈಕಲ್ಲಿನ ಗಾಲಿ ಓಲಾಡತೊಡಗಿದರೆ ಪೇಟೆಗೆ ಒಯ್ಯಲು ಅರ್ಧ ದಿನದ ಕೆಲಸ ಕೆಡುತ್ತದೆ. ಆದುದರಿಂದ ‘ನಡೆಯುವಷ್ಟು ದಿನ ನಡೆಯಲಿ’ ಎಂದು ಬಿಡುವವರೇ ಹೆಚ್ಚು. ಅಷ್ಟರಲ್ಲಿ ಒಂದು ಕಡ್ಡಿ ಮುರಿಯುತ್ತದೆ. ಅದು ಹೊರುತ್ತಿದ್ದ ಭಾರ ಅಕ್ಕಪಕ್ಕದ ಕಡ್ಡಿಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಹೋಗುತ್ತವೆ. ಇಳಿಜಾರಿನಲ್ಲಿ ಬ್ರೇಕು ಒಂದು ಕಡೆ ಕಚ್ಚಿ, ಇನ್ನೊಂದು ಕಡೆ ಜಾರುತ್ತದೆ. ಶಾಲೆಗೆ ಹೋಗುವ ಮಗುವಿನ ಕೈಗೆ ಇಂಥ ಸೈಕಲ್ಲು ಕೊಡತಕ್ಕದ್ದಲ್ಲ.

ಈ ಓಲಾಟಕ್ಕೆ ನಾವು ‘ಬೆಂಡು’ ಎನ್ನುತ್ತೇವೆ. ತಮಿಳು ಅಂಗಡಿಗಳಲ್ಲಿ ‘ಕೋಟ್ಟಂ’ ಎನ್ನುವರು. ಎರಡು ಮಾತಿಗೂ ಅರ್ಥ ಒಂದೇ, ಮದ್ದೂ ಒಂದೇ.

ಮೊದಲು ಗಾಲಿ ಹೇಗೆ ನಿಂತಿದೆ ಎಂಬುದನ್ನು ತಿಳಿಯಬೇಕು. ಎತ್ತಿನ ಗಾಡಿಯ ಗಾಲಿಯಲ್ಲಿ ಮರದ ಅರಗಳು ಕಂಬದಂತೆ ನಿಂತು ಗುಂಬವನ್ನು ಹೊರುತ್ತವೆ. ಸೈಕಲ್ಲಿನ ಕಡ್ಡಿಯಾದರೋ ಸುಮಾರು 2 ಮಿಲಿಮೀಟರು ದಪ್ಪದ ತಂತಿ. ಬಿಡಿ ಕಡ್ಡಿಯೊಂದನ್ನು ನೆಲಕ್ಕೂರಿ ಅಂಗೈಯಿಂದ ಒತ್ತಿ ನೋಡಿ, ಬಾಗಿಹೋಗುತ್ತದೆ. ಅದೇ ಕಡ್ಡಿಯ ತುದಿಗೆ ತುಂಬಿದ ಕೊಡವನ್ನು ತೂಗುಹಾಕಿದರೂ ಅದಕ್ಕೆ ಏನೂ ಆಗದು. ತಂತಿಯ ಬಲವೆಲ್ಲ ಎಳೆತದಲ್ಲಿದೆ. ಈ ಗುಣವನ್ನು ಬಳಸಿ 1808ರಲ್ಲಿಯೇ ಇಂಗ್ಲೆಂಡಿನ ಜಾರ್ಜ್ ಕೇಲಿ ಎಂಬಾತ ಹಾರುವ ಯಂತ್ರಕ್ಕೆಂದು ಎಳೆತದ ಗಾಲಿಯನ್ನು ಯೋಚಿಸಿದ್ದನು. ಕಡ್ಡಿಗಳನ್ನು ಈಗಿನಂತೆ ಓರೆಯಾಗಿ ಹೆಣೆಯುವ ಕ್ರಮಕ್ಕೆ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಹಕ್ಕುಪತ್ರ ಪಡೆದನು.

ಹೀಗೆ ಎಲ್ಲ ಕಡ್ಡಿಗಳೂ ಮೊದಲೇ ಬಿಗಿಯಾಗಿ ಎಳೆದುಕೊಂಡಿರುತ್ತವೆ. ಭಾರ ಬಿದ್ದಾಗ ನೆಲದ ಕಡೆಗಿರುವ ಕಡ್ಡಿಗಳ ಬಿಗಿ ತುಸು ತಗ್ಗುತ್ತದೆ. ಗಾಲಿ ಉರುಳಿ ಅವು ಮೇಲೆ ಬಂದೊಡನೆ ಮತ್ತೆ ಬಿಗಿಯುತ್ತದೆ. ದೊಡ್ಡ ಕರಿ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2¼ ಮೀಟರು ಹೋಗುತ್ತದೆ. 10 ಕಿಲೋಮೀಟರು ಹೋದರೆ 4,400 ಸುತ್ತು. ಮೊದಲೇ ಸಡಿಲಾಗಿರುವ ಕಡ್ಡಿ ಈ ಒಂದೊಂದು ಸುತ್ತಿಗೂ ಪೂರ್ಣ ಜೋಲುಬಿದ್ದು ಮತ್ತೆ ಜಗ್ಗುತ್ತದೆ. ತಂತಿಯನ್ನು ಹಿಂದು ಮುಂದಾಗಿ ಬಗ್ಗಿಸಿ ಮುರಿಯುವುದಿಲ್ಲವೇ, ಹಾಗೆಯೇ ಇದು ಹಬ್ಬಿನ ಹತ್ತಿರದ ಬಾಗಿನಲ್ಲಿ ಮುರಿಯುತ್ತದೆ. ‘ಬಿಗಿ ಹೆಚ್ಚಾಗಿ ಮುರಿಯಿತು’ ಎನ್ನುವವರುಂಟು. ಹೊರೆ ಹೊರುವ ಗಾಲಿಯಲ್ಲಿ ಹೆಚ್ಚಾಗಿ ಮುರಿಯುವುದು ಸಡಿಲ ಕಡ್ಡಿಯೇ.

ಇನ್ನು ಕೆಲಸಕ್ಕೆ ಬರೋಣ. ಬೇಕಾದುದು ನಿಪ್ಪಲ್ ತಿರುವುವ ಸಣ್ಣ ಚಾವಿ, ಒಂದು ತುಂಡು ಸೀಮೆಸುಣ್ಣ, ಹೊಲಿಗೆ ಯಂತ್ರದ ಎಣ್ಣೆ. ಇಕ್ಕಳದಿಂದ ತಿರುವಲು ಹೋಗಬೇಡಿ. ನಿಪ್ಪಲ್ಲಿನ ಮೂಲೆ ಸವೆದು ಆಮೇಲೆ ಯಾವ ಚಾವಿಯೂ ಕಚ್ಚದು.

ಅಂಗಳದಲ್ಲಿ ಗೋಣಿಚೀಲ ಹಾಸಿ ಸೈಕಲ್ಲನ್ನು ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿ. ಗಂಟೆ, ಬ್ರೇಕಿನ ಕಂಬಿ ನೆಲಕ್ಕೆ ಒತ್ತದಂತೆ ಹ್ಯಾಂಡಲ್ಲಿನ ಕೆಳಗೆ ಎರಡು ಇಟ್ಟಿಗೆ ಇಡಿ. ಚಾವಿ ಮುಟ್ಟುವ ಮೊದಲು ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿರಿ. ನಡುವಿನಲ್ಲಿ ಕಟಕಟ ಎಂದರೆ ಕೋನು ಸಡಿಲಾಗಿದೆ ಎಂದರ್ಥ. ಅದನ್ನು ಮೊದಲು ಸರಿಪಡಿಸಬೇಕು. ಅದು ಬಿಟ್ಟು ಕಡ್ಡಿ ತಿರುವಿದರೆ ದಿನವೆಲ್ಲ ತಿರುವಿದರೂ ಗಾಲಿ ನಿಲ್ಲದು. ಟಯರು ಒಂದು ಕಡೆ ಉಬ್ಬಿದ್ದರೂ ಬೆಂಡಿನಂತೆ ಕಾಣುತ್ತದೆ; ಆದುದರಿಂದ ಯಾವಾಗಲೂ ರಿಮ್ಮಿನ ಮೇಲೆ ಕಣ್ಣಿರಲಿ.

ಎಲ್ಲ ನಿಪ್ಪಲ್ಲುಗಳಿಗೂ ಹಿಂದಿನ ರಾತ್ರಿಯೇ ಒಂದೊಂದು ತೊಟ್ಟು ಎಣ್ಣೆ ಬಿಟ್ಟಿದ್ದರೆ ಉತ್ತಮ. ಹಳೆಯ ಕರಿ ಸೈಕಲ್ಲಿಗೆ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿಗಳು. ಮುರಿದುದಿದ್ದರೆ ಅದೇ ಉದ್ದದ ಹೊಸದನ್ನು ಹಾಕಿ. ಬಳಿಕ ಕಡ್ಡಿಗಳನ್ನು ಎರಡೆರಡಾಗಿ ಹಿಸುಕುತ್ತ ಒಂದು ಸುತ್ತು ಬನ್ನಿ. ಅಥವಾ ಚಾವಿಯ ತುದಿಯಿಂದ ಮೆಲ್ಲನೆ ಮೀಟಿರಿ. ಬಿಗಿಯಾದುದು ಏಕತಾರಿಯಂತೆ ‘ಠಿಣ್’ ಎನ್ನುತ್ತದೆ, ಸಡಿಲಾದುದು ಸತ್ತ ಸದ್ದು ಮಾಡುತ್ತದೆ. ಹೀಗೆ ಸಿಕ್ಕ ಸಡಿಲ ಕಡ್ಡಿಗಳನ್ನು ನೆರೆಯವುಗಳ ಸದ್ದಿಗೆ ಹತ್ತಿರ ಬರುವಷ್ಟು ಬಿಗಿಯಿರಿ. ಎಷ್ಟೋ ಗಾಲಿಗಳ ಅರ್ಧ ಬೆಂಡು ಇಷ್ಟರಿಂದಲೇ ಹೋಗುತ್ತದೆ.

ಯಾವ ಕಡೆ ತಿರುವಿದರೆ ಬಿಗಿ ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಸೈಕಲ್ಲು ತಲೆಕೆಳಗಾಗಿರುವಾಗ ಗಾಲಿಯ ನೆತ್ತಿಯಲ್ಲಿರುವ ನಿಪ್ಪಲ್ಲಿಗೆ ಚಾವಿ ಹಾಕಿ, ಟಯರಿನ ಮೇಲಿನಿಂದ ಬಗ್ಗಿ ನೋಡಿ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುವಿದರೆ ಬಿಗಿ, ಎದುರಿಗೆ ಸಡಿಲ. ಪ್ರತಿಯೊಂದು ಕಡ್ಡಿಯನ್ನೂ ನೆತ್ತಿಗೆ ತಂದುಕೊಂಡೇ ತಿರುವುವ ರೂಢಿಯಿಟ್ಟರೆ ಗೊಂದಲವೇ ಇಲ್ಲ.

ಈಗ ಸೀಮೆಸುಣ್ಣವನ್ನು ಫೋರ್ಕಿನ ಒಂದು ಕವಲಿಗೆ ಆನಿಸಿ ಹಿಡಿದು, ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ರಿಮ್ಮಿಗೆ ತಾಗುವಷ್ಟು ಮುಂದೆ ತನ್ನಿ. ಉಬ್ಬಿ ಬಂದ ಜಾಗದಲ್ಲಿ ಮಾತ್ರ ಬಿಳಿ ಗೆರೆ ಬೀಳುತ್ತದೆ. ಕಡ್ಡಿಗಳು ಒಂದು ಬಿಟ್ಟು ಒಂದರಂತೆ ಹಬ್ಬಿನ ಈಚೆ ಬಿಲ್ಲೆಗೂ ಆಚೆ ಬಿಲ್ಲೆಗೂ ಹೋಗಿರುವುದನ್ನು ಗಮನಿಸಿ. ಈಚೆಯವು ರಿಮ್ಮನ್ನು ಈಚೆಗೆ, ಆಚೆಯವು ಆಚೆಗೆ ಎಳೆಯುತ್ತವೆ. ಹಗ್ಗ ಜಗ್ಗುವ ಆಟದಂತೆ ಎರಡು ಕಡೆಯೂ ಸಮವಿದ್ದರೆ ರಿಮ್ಮು ನಡುವೆ ನಿಲ್ಲುತ್ತದೆ. ಆದುದರಿಂದ ಸುಣ್ಣ ಹತ್ತಿದ ಪಕ್ಕಕ್ಕೆ ಎದುರಾದ ಬಿಲ್ಲೆಗೆ ಹೋಗುವ ಕಡ್ಡಿಗಳನ್ನು ಬಿಗಿಯಬೇಕು. ಗೆರೆಯ ನಡುವಿನ ಕಡ್ಡಿಗೆ ಅರ್ಧ ಸುತ್ತು, ಅದರ ಎರಡು ಬದಿಯವಕ್ಕೆ ಕಾಲು ಸುತ್ತು. ಸುಣ್ಣ ಹತ್ತಿದ ಪಕ್ಕದ ಕಡ್ಡಿಗಳು ಮೊದಲೇ ಬಹಳ ಬಿಗಿಯಿದ್ದರೆ ಎದುರಿನವನ್ನು ಬಿಗಿಯುವ ಬದಲು ಇವನ್ನೇ ಕಾಲು ಸುತ್ತು ಸಡಿಲಿಸಿ. ಬರೀ ಬಿಗಿಯುತ್ತಲೇ ಹೋದವರ ರಿಮ್ಮು ಕೊನೆಗೆ ಹಪ್ಪಳದಂತೆ ಸೊಟ್ಟಗಾಗುವುದುಂಟು. ಗೆರೆ ಒರೆಸಿ, ಮತ್ತೆ ತಿರುಗಿಸಿ, ಮತ್ತೆ ನೋಡಿ. ಅವಸರದ ಕೆಲಸವಲ್ಲ, ಮೊದಲ ಸಲ ಒಂದು ಗಂಟೆ ಹಿಡಿದರೂ ಬೇಸರ ಬೇಡ.

ಪಕ್ಕದ ಓಲಾಟ ನಿಂತ ಮೇಲೆ ಏರಿಳಿತ ನೋಡಬೇಕು. ಕಂಬಿ ಬ್ರೇಕಿನ ರಬ್ಬರು ಹಬ್ಬಿನ ಕಡೆಯಿಂದ ರಿಮ್ಮಿನ ಒಳಮೈಗೆ ಒತ್ತುವುದರಿಂದ ಅಂಥ ಸೈಕಲ್ಲಿಗೆ ಇದೇ ಮುಖ್ಯ. ರಿಮ್ಮು ಹೊರಕ್ಕೆ ಏರಿದ ಕಡೆ ಎರಡೂ ಪಕ್ಕದ ಕಡ್ಡಿಗಳನ್ನು ಸಮನಾಗಿ ಬಿಗಿಯಿರಿ. ಒಳಕ್ಕೆ ತಗ್ಗಿದ ಕಡೆ ಸಮನಾಗಿ ಸಡಿಲಿಸಿ.

ಹಿಂದಿನ ಗಾಲಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಫ್ರೀವೀಲಿಗೆ ಜಾಗ ಬಿಡಬೇಕಾದ್ದರಿಂದ ಆ ಪಕ್ಕದ ಬಿಲ್ಲೆ ಒಳಸರಿದಿರುತ್ತದೆ. ಅಲ್ಲಿಯ ಕಡ್ಡಿಗಳು ಸಹಜವಾಗಿಯೇ ಹೆಚ್ಚು ಬಿಗಿ, ಎದುರು ಪಕ್ಕದವು ಕಡಿಮೆ. ಎರಡನ್ನೂ ಒಂದೇ ಸದ್ದಿಗೆ ತರಹೊರಟರೆ ಗಾಲಿಯೇ ಒಂದು ಕಡೆಗೆ ಸರಿದು ಚೌಕಟ್ಟಿಗೆ ಉಜ್ಜುತ್ತದೆ. ಒಂದು ಪಕ್ಕದ ಕಡ್ಡಿಯನ್ನು ಅದೇ ಪಕ್ಕದ ಇನ್ನೊಂದರೊಡನೆ ಮಾತ್ರ ಹೋಲಿಸಿರಿ.

ಮುಗಿಯಿತೆನಿಸಿದಾಗ ಒಂದೇ ಪಕ್ಕದ ಎರಡೆರಡು ಕಡ್ಡಿಗಳನ್ನು ಮುಷ್ಟಿಯಲ್ಲಿ ಬಲವಾಗಿ ಹಿಸುಕುತ್ತ ಇಡೀ ಗಾಲಿ ಸುತ್ತಿರಿ. ತಿರುಚಿಕೊಂಡ ಕಡ್ಡಿಗಳು ಟಿಕ್ ಎಂದು ಬಿಟ್ಟುಕೊಳ್ಳುತ್ತವೆ. ಆಮೇಲೆ ಇನ್ನೊಮ್ಮೆ ಸುಣ್ಣದ ಪರೀಕ್ಷೆ. ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಓಲಾಟ ಉಳಿದರೆ ಹೊರೆ ಹೊರುವ ಸೈಕಲ್ಲಿಗೆ ಅಷ್ಟು ಸಾಕು. ಯಾವುದೇ ನಿಪ್ಪಲ್ಲನ್ನು ಎರಡು ಮೂರು ಸುತ್ತು ಬಿಗಿದಿದ್ದರೆ ಟಯರು ಬಿಚ್ಚಿ ಒಳಗೆ ಬೆರಳಾಡಿಸಿ ನೋಡಲೇಬೇಕು. ಕಡ್ಡಿಯ ತುದಿ ಮೇಲೆದ್ದಿದ್ದರೆ ಅರದಿಂದ ಉಜ್ಜಿ ಸಮ ಮಾಡಿ, ಇಲ್ಲವಾದರೆ ಮರುದಿನವೇ ಟ್ಯೂಬು ತೂತು.

ತಿರುವಿದಾಗ ನಿಪ್ಪಲ್ಲಿನೊಡನೆ ಕಡ್ಡಿಯೂ ತಿರುಚಿಕೊಂಡರೆ ತುಕ್ಕು ಹಿಡಿದು ಕಚ್ಚಿದೆ ಎಂದು ತಿಳಿದು ನಿಲ್ಲಿಸಿ, ಮತ್ತೆ ಎಣ್ಣೆ ಬಿಟ್ಟು ಮರುದಿನ ನೋಡಿ. ಗುಂಡಿಗೆ ಬಿದ್ದು ರಿಮ್ಮೇ ಮಡಿಸಿದ್ದರೆ, ಅಥವಾ ನಿಪ್ಪಲ್ ಕೂರುವ ತೂತಿನ ಸುತ್ತ ಬಿರುಕು ಕಂಡರೆ, ಕಡ್ಡಿಯಿಂದ ಅದಕ್ಕೆ ಉಪಾಯವಿಲ್ಲ. ಹೊಸ ರಿಮ್ಮು ಹಾಕಿಸಬೇಕು. ಹೊಸ ಸೈಕಲ್ಲಿನ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ತಮ್ಮ ಜಾಗದಲ್ಲಿ ಕುಳಿತು ಸ್ವಲ್ಪ ಸಡಿಲಾಗುತ್ತವೆ. ಮನೆಗೆ ತಂದ ತಿಂಗಳೊಳಗೆ ಒಮ್ಮೆ ಎಲ್ಲವನ್ನೂ ಮೀಟಿ ನೋಡಿಬಿಡಿ.